ಹೆರಿಗೆಗೆ ಆಸ್ಪತ್ರೆ ಬ್ಯಾಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಬ್ಯಾಗನ್ನು ತುಂಬುವವರು ನೀವು, ಆದರೆ ತೆರೆಯುವವರು ಬಹುಪಾಲು ಬೇರೆಯವರು. ನೋವು ಬರುತ್ತಿರುವಾಗ ನೀವು ಎದ್ದು ಬಂದು ಸಾಮಾನು ಹುಡುಕಲಾರಿರಿ. ಸಿಸೇರಿಯನ್ ಆಗಿದ್ದರೆ ಬಗ್ಗಲೂ ಆಗುವುದಿಲ್ಲ. ಗಂಡನೋ ಅಮ್ಮನೋ ನರ್ಸೋ ಅರೆಬೆಳಕಿನಲ್ಲಿ ಕೈಹಾಕಿದಾಗ ಬೇಕಾದ್ದು ಅರ್ಧ ನಿಮಿಷದಲ್ಲಿ ಸಿಗಬೇಕು. ಕೆಳಗಿನ ಉತ್ತರಗಳೆಲ್ಲ ಇದೇ ಲೆಕ್ಕದಲ್ಲಿವೆ.

ಬ್ಯಾಗ್ ಯಾವ ವಾರದಲ್ಲಿ ಸಿದ್ಧವಾಗಿರಬೇಕು?

32ನೇ ವಾರದಲ್ಲಿ ಪಟ್ಟಿ ಮಾಡಿ, ಕೊಳ್ಳಬೇಕಾದ್ದನ್ನು ಕೊಂಡುಬಿಡಿ. 35ನೇ ವಾರ ಮುಗಿಯುವಷ್ಟರಲ್ಲಿ ಬ್ಯಾಗ್ ತುಂಬಿ ಬಾಗಿಲ ಹತ್ತಿರ ಇರಲಿ. 37 ವಾರ ತುಂಬುವ ಮೊದಲೇ ಹೆರಿಗೆಯಾಗುವುದು ಅಪರೂಪದ ಸಂಗತಿಯಲ್ಲ, ಹಾಗಾಗಿ ಕೊಟ್ಟ ತಾರೀಖನ್ನು ನಂಬಿ ಕೂರಬೇಡಿ.

ಹೊಟ್ಟೆಯಲ್ಲಿ ಅವಳಿ ಮಕ್ಕಳಿದ್ದರೆ, ಮಾಸು ಕೆಳಗಿದೆ ಎಂದು ಸ್ಕ್ಯಾನ್‌ನಲ್ಲಿ ಹೇಳಿದ್ದರೆ, ಬಿಪಿ ಏರುತ್ತಿದ್ದರೆ ಅಥವಾ ಹಿಂದಿನ ಹೆರಿಗೆ ಅವಧಿಗೆ ಮೊದಲೇ ಆಗಿದ್ದರೆ 30ರಿಂದ 32ನೇ ವಾರದೊಳಗೆ ಮುಗಿಸಿ. ಇಂಥವರನ್ನು ಕೆಲವೊಮ್ಮೆ ಮಾಮೂಲಿ ತಪಾಸಣೆಗೆ ಹೋದಾಗಲೇ ಅಡ್ಮಿಟ್ ಮಾಡಿಕೊಳ್ಳುತ್ತಾರೆ. ದೂರದ ಆಸ್ಪತ್ರೆಯಾದರೆ ಆ ಕೊನೆಯ ವಾರಗಳಲ್ಲಿ ತಪಾಸಣೆಗೆ ಹೋಗುವಾಗಲೂ ಬ್ಯಾಗ್ ಜೊತೆಗಿರಲಿ.

ತುಂಬುವ ಮೊದಲು ಆಸ್ಪತ್ರೆಯಲ್ಲಿ ಏನೇನು ಕೇಳಿಕೊಳ್ಳಬೇಕು?

ಇದನ್ನು ಕೇಳದೆ ತುಂಬಿದ ಬ್ಯಾಗಿನಲ್ಲಿ ಅರ್ಧ ಸಾಮಾನು ದಂಡ. ಕೆಲವು ಆಸ್ಪತ್ರೆಗಳು ಪ್ಯಾಡ್, ಡಯಾಪರ್, ಮಗುವಿನ ಹೊದಿಕೆ, ತಾಯಿಯ ಗೌನ್ ಎಲ್ಲವನ್ನೂ ತಾವೇ ಕೊಡುತ್ತವೆ, ಕೆಲವು ಹತ್ತಿಯುಂಡೆಯನ್ನೂ ಕೊಡುವುದಿಲ್ಲ. ಮುಂದಿನ ತಪಾಸಣೆಗೆ ಹೋದಾಗ ಹೆರಿಗೆ ವಾರ್ಡಿನ ನರ್ಸ್ ಹತ್ತಿರವೇ ಕೇಳಿ: ತಾಯಿಗೆ, ಮಗುವಿಗೆ ನೀವು ಏನು ಕೊಡುತ್ತೀರಿ? ಹೆರಿಗೆ ಕೋಣೆಯೊಳಗೆ ಎಷ್ಟು ಜನ ಬರಬಹುದು? ಸ್ವಂತ ಬಟ್ಟೆ ಹಾಕಿಕೊಳ್ಳಬಹುದೇ? ನೋವು ಶುರುವಾದ ಮೇಲೆ ತಿನ್ನಲು, ಕುಡಿಯಲು ಬಿಡುತ್ತೀರಾ? ರಾತ್ರಿ ಬಂದರೆ ಯಾವ ಬಾಗಿಲು ತೆರೆದಿರುತ್ತದೆ, ಯಾವ ನಂಬರಿಗೆ ಫೋನ್ ಮಾಡಬೇಕು?

ಎಷ್ಟು ದಿನ ಇರಬೇಕಾಗುತ್ತದೆ ಎಂಬುದನ್ನೂ ಕೇಳಿಕೊಳ್ಳಿ. ತೊಡಕಿಲ್ಲದ ನಾರ್ಮಲ್ ಹೆರಿಗೆಗೆ ಸಾಮಾನ್ಯವಾಗಿ ಒಂದೆರಡು ದಿನ, ಸಿಸೇರಿಯನ್‌ಗೆ ಮೂರು ನಾಲ್ಕು ದಿನ. ನಾರ್ಮಲ್ ಎಂದುಕೊಂಡದ್ದು ಸಿಸೇರಿಯನ್ ಆಗಬಹುದು. ಅದಕ್ಕೆ ಎರಡು ದಿನದ ಸಾಮಾನು ಬ್ಯಾಗಿಗೆ ಹಾಕಿ, ಇನ್ನೆರಡು ದಿನದ್ದನ್ನು ಮನೆಯಲ್ಲಿ ಬೇರೆ ಚೀಲದಲ್ಲಿ ಕಟ್ಟಿಡಿ. ಬೇಕೆಂದಾಗ ಯಾರಾದರೂ ಆ ಚೀಲವನ್ನು ಎತ್ತಿಕೊಂಡು ಬಂದರಾಯಿತು.

ಒಂದೇ ದೊಡ್ಡ ಬ್ಯಾಗ್ ಸಾಕಲ್ಲವೇ?

ಸಾಕಾಗುವುದಿಲ್ಲ. ದೊಡ್ಡ ಬ್ಯಾಗಿನಲ್ಲಿ ಬೇಕಾದ ವಸ್ತು ಯಾವಾಗಲೂ ತಳದಲ್ಲೇ ಇರುತ್ತದೆ. ಮೂರು ಪಾಲು ಮಾಡಿ. ಹೆರಿಗೆ ಕೋಣೆಗೆ ಕೈಯಲ್ಲೇ ಒಯ್ಯುವ ಚಿಕ್ಕ ಚೀಲ ಒಂದು. ಹೆರಿಗೆ ಆದ ಮೇಲೆ ವಾರ್ಡಿನಲ್ಲಿ ತಾಯಿಗೆ ಬೇಕಾಗುವ ಬ್ಯಾಗ್ ಇನ್ನೊಂದು. ಮಗುವಿನದು ಮೂರನೆಯದು. ಮೂರಕ್ಕೂ ಬೇರೆ ಬೇರೆ ಬಣ್ಣವಿದ್ದರೆ "ನೀಲಿ ಚೀಲ ಕೊಡು" ಎಂದರೆ ಸಾಕು.

ಒಳಗೆ ಜಿಪ್ ಇರುವ ಪಾರದರ್ಶಕ ಪ್ಲಾಸ್ಟಿಕ್ ಕವರುಗಳನ್ನು ಬಳಸಿ. ಇದರಲ್ಲಿ ಮುಖ್ಯವಾದ ಒಂದು ಕವರನ್ನು ಹೀಗೆ ಮಾಡಿ: ಮಗುವಿನ ಒಂದು ಅಂಗಿ, ಒಂದು ಡಯಾಪರ್, ಒಂದು ಟೊಪ್ಪಿ, ಒಂದು ಜೊತೆ ಸಾಕ್ಸ್, ಎರಡು ಮೆತ್ತನೆಯ ಹತ್ತಿಬಟ್ಟೆ. ಮೇಲೆ ದಪ್ಪ ಮಾರ್ಕರಿನಲ್ಲಿ "ಮಗುವಿನ ಮೊದಲ ಬಟ್ಟೆ" ಎಂದೂ ತಾಯಿಯ ಹೆಸರನ್ನೂ ಬರೆಯಿರಿ. ಮಗು ಹುಟ್ಟುತ್ತಿದ್ದಂತೆ ನರ್ಸ್ ಕೇಳುವುದು ಇದನ್ನೇ. ಮಗು ಒದ್ದೆಯಾಗಿರುತ್ತದೆ, ಒರೆಸಿ ಬೆಚ್ಚಗಿಡುವುದಕ್ಕೆ ತಡ ಮಾಡುವಂತಿಲ್ಲ. ಆಗ ಹೊರಗೆ ನಿಂತವರು ಇಡೀ ಬ್ಯಾಗನ್ನು ನೆಲಕ್ಕೆ ಸುರಿದು ಟೊಪ್ಪಿ ಹುಡುಕುವ ಹಾಗಾಗಬಾರದು. ಈ ಕವರು ಮಗುವಿನ ಬ್ಯಾಗಿನಲ್ಲಿ ಬೇಡ, ಹೆರಿಗೆ ಕೋಣೆಯ ಚೀಲದಲ್ಲಿ ಎಲ್ಲಕ್ಕಿಂತ ಮೇಲಿರಲಿ.

ಯಾವ ದಾಖಲೆ, ರಿಪೋರ್ಟ್ ಬೇಕು?

ತಪಾಸಣೆಯ ಪುಸ್ತಕ ಅಥವಾ ಫೈಲು, ಎಲ್ಲ ಸ್ಕ್ಯಾನ್ ರಿಪೋರ್ಟು, ರಕ್ತದ ಗುಂಪು, ಇತ್ತೀಚಿನ ಹಿಮೋಗ್ಲೋಬಿನ್, ಎಚ್‌ಐವಿ ಮತ್ತು ಹೆಪಟೈಟಿಸ್ ಬಿ ಪರೀಕ್ಷೆಯ ಫಲಿತಾಂಶ, ಗುರುತಿನ ಚೀಟಿ, ವಿಮೆ ಇದ್ದರೆ ಅದರ ಕಾರ್ಡ್. ಹಿಂದೆ ಆಪರೇಷನ್ ಆಗಿದ್ದರೆ ಅದರ ಡಿಸ್ಚಾರ್ಜ್ ಕಾಗದ. ಹಿಂದಿನ ಸಿಸೇರಿಯನ್ನಿನ ಕಾಗದವಂತೂ ಇರಲೇಬೇಕು, ಗರ್ಭಕೋಶದ ಮೇಲೆ ಯಾವ ರೀತಿಯ ಗಾಯ ಹಾಕಿದ್ದರು ಎಂಬುದರ ಮೇಲೆ ಈ ಸಲ ನಾರ್ಮಲ್ ಪ್ರಯತ್ನ ಮಾಡಬಹುದೇ ಎಂಬುದು ತೀರ್ಮಾನವಾಗುತ್ತದೆ.

ತಾಯಿಯ ರಕ್ತ ನೆಗೆಟಿವ್ ಗುಂಪಿನದಾದರೆ ಫೈಲಿನ ಮೇಲೆಯೇ ಕೆಂಪಕ್ಷರದಲ್ಲಿ ಬರೆದಿಡಿ. ಮಗುವಿನದು ಪಾಸಿಟಿವ್ ಎಂದಾದರೆ ತಾಯಿಗೆ ಆಂಟಿ-ಡಿ ಇಂಜೆಕ್ಷನ್ನನ್ನು ಹೆರಿಗೆಯಾದ 72 ಗಂಟೆಯೊಳಗೆ ಕೊಡಬೇಕು.

ಫೈಲಿನ ಮೊದಲ ಪುಟವಾಗಿ ಒಂದು ಹಾಳೆ ಬರೆದು ಸೇರಿಸಿ: ಹೆಸರು, ವಯಸ್ಸು, ಹೆರಿಗೆ ತಾರೀಖು, ರಕ್ತದ ಗುಂಪು, ಅಲರ್ಜಿ, ತೆಗೆದುಕೊಳ್ಳುತ್ತಿರುವ ಔಷಧ, ಹಳೆಯ ಕಾಯಿಲೆ, ತುರ್ತಿಗೆ ಇಬ್ಬರ ಫೋನ್ ನಂಬರ್. ರಾತ್ರಿ ಪಾಳಿಯ ಡಾಕ್ಟರಿಗೆ ನಿಮ್ಮ ಪರಿಚಯ ಇರುವುದಿಲ್ಲ. ಈ ಹಾಳೆಯಿದ್ದರೆ ನೋವಿನ ನಡುವೆ ನೀವು ಎಲ್ಲವನ್ನೂ ಬಾಯಲ್ಲಿ ಹೇಳುವ ಕಷ್ಟ ತಪ್ಪುತ್ತದೆ. ಎಲ್ಲ ಕಾಗದಗಳ ಫೋಟೊ ನಿಮ್ಮ ಫೋನಿನಲ್ಲಷ್ಟೇ ಅಲ್ಲ, ಜೊತೆಗೆ ಬರುವವರ ಫೋನಿನಲ್ಲೂ ಇರಲಿ.

ದಿನಾ ತೆಗೆದುಕೊಳ್ಳುವ ಮಾತ್ರೆಗಳನ್ನು ಒಯ್ಯಬೇಕೇ?

ಒಯ್ಯಿರಿ, ಆದರೆ ಮಾತ್ರೆಯನ್ನು ಸ್ಟ್ರಿಪ್ಪಿನಿಂದ ಬಿಡಿಸಿ ಡಬ್ಬಿಗೆ ಹಾಕಬೇಡಿ. ಹೆಸರು, ಪ್ರಮಾಣ ಕಾಣುವ ಹಾಗೆ ಇರಲಿ. ಥೈರಾಯ್ಡ್, ಬಿಪಿ, ಫಿಟ್ಸ್, ಆಸ್ತಮಾ, ಸಕ್ಕರೆ ಕಾಯಿಲೆ ಇರುವವರು ಇದನ್ನು ಮರೆಯುವಂತೆಯೇ ಇಲ್ಲ. ಅಡ್ಮಿಟ್ ಆದ ಕೂಡಲೇ ನರ್ಸ್‌ಗೆ ತೋರಿಸಿ, ಅವರು ಹೇಳಿದ ಹಾಗೆ ತೆಗೆದುಕೊಳ್ಳಿ. ಆಸ್ಪತ್ರೆಯವರು ಕೊಡುವುದರ ಜೊತೆಗೆ ನೀವೂ ನುಂಗಿದರೆ ಎರಡು ಡೋಸ್ ಆಗಿಬಿಡುತ್ತದೆ.

ರಕ್ತ ಹೆಪ್ಪುಗಟ್ಟದಂತೆ ಇಂಜೆಕ್ಷನ್ ಅಥವಾ ಮಾತ್ರೆ ನಡೆಯುತ್ತಿದ್ದರೆ ಕೊನೆಯದಾಗಿ ಎಷ್ಟು ಗಂಟೆಗೆ ತೆಗೆದುಕೊಂಡಿರಿ ಎಂದು ಬರೆದಿಡಿ. ಬೆನ್ನಿಗೆ ಕೊಡುವ ಅರಿವಳಿಕೆಯನ್ನು ಯಾವಾಗ ಕೊಡಬಹುದು ಎಂಬುದು ಆ ಸಮಯವನ್ನು ಅವಲಂಬಿಸಿದೆ.

ಹೆರಿಗೆ ಕೋಣೆಯ ಚೀಲದಲ್ಲಿ ಏನಿರಬೇಕು?

ಫೈಲು, ಮಗುವಿನ ಮೊದಲ ಬಟ್ಟೆಯ ಕವರು, ಫೋನು. ಚಾರ್ಜರಿನ ವೈರು ಉದ್ದದ್ದಿರಲಿ, ಹಾಸಿಗೆಯ ತಲೆಯ ಕಡೆ ಪ್ಲಗ್ ಇರುವ ಕೋಣೆ ಸಿಗುವುದು ಅದೃಷ್ಟ. ತುಟಿಗೆ ಹಚ್ಚುವ ಬಾಮ್ ಬೇಕೇ ಬೇಕು. ಗಂಟೆಗಟ್ಟಲೆ ಬಾಯಿಂದ ಉಸಿರಾಡಿ ತುಟಿ ಒಡೆಯುತ್ತದೆ. ಕೂದಲು ಕಟ್ಟಲು ಎರಡು ಬ್ಯಾಂಡ್, ಮುಖ ಒರೆಸಲು ಚಿಕ್ಕ ಟವೆಲ್, ದಪ್ಪ ಸಾಕ್ಸ್ ಎರಡು ಜೊತೆ. ಹೆರಿಗೆ ಹೊತ್ತಿನಲ್ಲಿ ಮೈ ಬೆವರಿದರೂ ಪಾದ ತಣ್ಣಗಾಗುವುದುಂಟು.

ನೀರಿನ ಬಾಟಲಿಗೆ ಸ್ಟ್ರಾ ಅಥವಾ ಹೀರುವ ಮುಚ್ಚಳ ಇರಲಿ. ಮಗ್ಗುಲಾಗಿ ಮಲಗಿ ಲೋಟದಲ್ಲಿ ಕುಡಿಯಲು ಹೋದರೆ ನೀರು ಕತ್ತಿಗೆ ಸುರಿಯುತ್ತದೆ. ಚಪ್ಪಲಿ ಜಾರದ ರಬ್ಬರಿನದಾಗಿರಲಿ, ನೀರಲ್ಲಿ ತೊಳೆಯುವಂತಿರಲಿ. ಈ ದಿನಗಳಲ್ಲಿ ಕಾಲು ಊದಿಕೊಂಡಿರುತ್ತದೆ, ಒಂದು ಸೈಜ್ ದೊಡ್ಡದೇ ಹಿತ. ಕನ್ನಡಕ ಹಾಕುವವರು ಅದರ ಡಬ್ಬಿಯನ್ನೂ ತನ್ನಿ. ಲೆನ್ಸ್ ಹಾಕುವವರು ಕನ್ನಡಕ ಮರೆಯಬೇಡಿ, ಆಪರೇಷನ್ನಿಗೆ ಹೋಗುವ ಮೊದಲು ಲೆನ್ಸ್ ತೆಗೆಸುತ್ತಾರೆ.

ಬಟ್ಟೆ ಮುಂದಿನಿಂದ ತೆರೆಯುವಂಥದ್ದು. ಮಗು ಹುಟ್ಟಿದ ಕೂಡಲೇ ತಾಯಿಯ ಬರಿ ಎದೆಯ ಮೇಲೆ ಮಲಗಿಸಿ ಇಬ್ಬರಿಗೂ ಹೊದಿಸುತ್ತಾರೆ, ಕನಿಷ್ಠ ಒಂದು ಗಂಟೆ ಹಾಗೇ ಇರುವುದು ಒಳ್ಳೆಯದು. ಮಗುವಿನ ಮೈ ಶಾಖ ನಿಲ್ಲುತ್ತದೆ, ಮೊದಲ ಸಲ ಮೊಲೆ ಹಿಡಿಯುವುದೂ ಸುಲಭವಾಗುತ್ತದೆ. ತಲೆಯಿಂದ ಎಳೆದು ತೆಗೆಯುವ ಬಟ್ಟೆ ತೊಟ್ಟು, ಕೈಗೆ ಡ್ರಿಪ್ಪೂ ಹಾಕಿದ್ದರೆ ಆಗ ಪಜೀತಿ.

ತಿನ್ನಲು ಏನು ಇಡಬೇಕು?

ನಿಮ್ಮ ಆಸ್ಪತ್ರೆಯ ನಿಯಮವೇ ಇಲ್ಲಿ ಕೊನೆಯ ಮಾತು. ಬಿಡುತ್ತಾರೆಂದರೆ ಸುಲಭವಾಗಿ ಜೀರ್ಣವಾಗುವ, ಕೈಗೆ ಅಂಟದ, ವಾಸನೆ ಬಾರದ ತಿನಿಸು ಸ್ವಲ್ಪ ಇರಲಿ. ಕರಿದದ್ದು, ಖಾರದ್ದು ಬೇಡ, ನೋವು ಜೋರಾದಾಗ ವಾಂತಿಯಾಗುವುದು ಸಾಮಾನ್ಯ. ಮೊದಲೇ ನಿಗದಿಯಾದ ಸಿಸೇರಿಯನ್ನಿಗೆ ಸಾಮಾನ್ಯವಾಗಿ 6 ಗಂಟೆ ಮೊದಲು ಗಟ್ಟಿ ಆಹಾರ, 2 ಗಂಟೆ ಮೊದಲು ನೀರು ನಿಲ್ಲಿಸಲು ಹೇಳುತ್ತಾರೆ. ಅರಿವಳಿಕೆ ಕೊಡುವ ಡಾಕ್ಟರು ನಿಮಗೆ ಹೇಳಿದ ಸಮಯವೇ ಪಾಲಿಸಬೇಕಾದ್ದು.

ಹೆಚ್ಚು ತಿಂಡಿ ಬೇಕಾಗುವುದು ಹೆರಿಗೆಯಾದ ಮೇಲೆ. ಅಪರಾತ್ರಿಯಲ್ಲಿ ಹೆತ್ತವಳಿಗೆ ಹಸಿವು ಬೆನ್ನಿಗೆ ಹತ್ತುತ್ತದೆ, ಆ ಹೊತ್ತಿಗೆ ಕ್ಯಾಂಟೀನ್ ಮುಚ್ಚಿರುತ್ತದೆ.

ಯಾವ ಪ್ಯಾಡ್? ಎಷ್ಟು?

ಹೆರಿಗೆಯ ನಂತರದ್ದೆಂದೇ ಸಿಗುವ ಉದ್ದನೆಯ, ದಪ್ಪ ಪ್ಯಾಡ್. ಎರಡು ದಿನಕ್ಕೆ 20ರಿಂದ 24 ಇರಲಿ. ಮೊದಲ ದಿನ ಎರಡು ಮೂರು ಗಂಟೆಗೊಮ್ಮೆ ಬದಲಾಯಿಸಬೇಕಾಗುತ್ತದೆ, ನೆನೆದಿರದಿದ್ದರೂ ಹೆಚ್ಚು ಹೊತ್ತು ಒಂದೇ ಪ್ಯಾಡಿನಲ್ಲಿರುವುದು ಹೊಲಿಗೆಗೆ ಒಳ್ಳೆಯದಲ್ಲ. ಮುಟ್ಟಿನ ದಿನಗಳ ತೆಳು ಪ್ಯಾಡ್ ಇಲ್ಲಿ ಎರಡು ಕಾರಣಕ್ಕೆ ಕೈಕೊಡುತ್ತದೆ: ಹೀರುವುದು ಸಾಲದು, ಮೇಲಿನ ಪ್ಲಾಸ್ಟಿಕ್ ಜಾಲರಿ ಹೊಲಿಗೆಗೆ ಅಂಟಿಕೊಂಡು ಎಳೆಯುತ್ತದೆ. ಮೇಲ್ಪದರ ಹತ್ತಿಯಂತೆ ಮೆತ್ತಗಿರಬೇಕು, ಸುವಾಸನೆ ಇರಬಾರದು.

ಟ್ಯಾಂಪೂನ್, ಮುಟ್ಟಿನ ಕಪ್ ಬೇಡವೇ ಬೇಡ. ಮಾಸು ಕಳಚಿಕೊಂಡ ಜಾಗ ಒಳಗೆ ಹಸಿ ಗಾಯವಾಗಿರುತ್ತದೆ, ಸೋಂಕು ಸುಲಭವಾಗಿ ಹತ್ತುತ್ತದೆ. ಹೆರಿಗೆಯ ನಂತರ ಸುಮಾರು ಆರು ವಾರದ ತಪಾಸಣೆ ಮುಗಿಯುವವರೆಗೆ ಇವುಗಳ ಸುದ್ದಿಗೆ ಹೋಗಬೇಡಿ.

ಸ್ರಾವ ನಾಲ್ಕರಿಂದ ಆರು ವಾರ ಇರುತ್ತದೆ. ಮೊದಲು ಕೆಂಪು, ಆಮೇಲೆ ಕಂದು, ಕೊನೆಗೆ ಹಳದಿ ಅಥವಾ ಬಿಳುಪು. ಮಲಗಿದ್ದು ಎದ್ದಾಗ, ಹಾಲುಣಿಸುವಾಗ ಒಮ್ಮೆಲೇ ಹೆಚ್ಚು ಹೋದಂತೆ ಅನ್ನಿಸುವುದು ಸಹಜ. ಆದರೆ ದಪ್ಪ ಪ್ಯಾಡ್ ಒಂದು ಗಂಟೆಯೊಳಗೆ ಪೂರ್ತಿ ನೆನೆದರೆ, ಕೋಳಿಮೊಟ್ಟೆಗಿಂತ ದೊಡ್ಡ ಹೆಪ್ಪು ಬಿದ್ದರೆ, ತಲೆ ಸುತ್ತಿದರೆ ತಕ್ಷಣ ನರ್ಸನ್ನು ಕರೆಯಿರಿ. ಆ ಪ್ಯಾಡನ್ನು ಬಿಸಾಡದೆ ತೋರಿಸಿ, ಎಷ್ಟು ರಕ್ತ ಹೋಗಿದೆ ಎಂದು ಅವರು ಅಳೆಯುವುದು ಅದನ್ನು ನೋಡಿಯೇ. ಜೊತೆಗಿರುವವರಿಗೂ ಇದನ್ನು ಮೊದಲೇ ಹೇಳಿಟ್ಟಿರಿ.

ತಾಯಿಗೆ ಬಟ್ಟೆ, ಒಳಉಡುಪು ಎಷ್ಟು?

ಮುಂದೆ ಗುಂಡಿ ಅಥವಾ ಜಿಪ್ ಇರುವ ಸಡಿಲ ನೈಟಿ ಮೂರು, ಗಾಢ ಬಣ್ಣದ್ದು. ಮನೆಗೆ ಬರುವಾಗ ಹಾಕಲು ಒಂದು ಜೊತೆ, ಅದು ಆರನೇ ತಿಂಗಳಲ್ಲಿ ಆಗುತ್ತಿದ್ದ ಅಳತೆಯದಿರಲಿ. ಹೊಟ್ಟೆ ಒಂದೇ ದಿನಕ್ಕೆ ಇಳಿಯುವುದಿಲ್ಲ, ಹಳೆಯ ಬಟ್ಟೆ ತಂದು ಹತ್ತದೆ ಬೇಸರ ಮಾಡಿಕೊಳ್ಳುವುದು ಬೇಡ.

ಚಡ್ಡಿ ಆರೇಳು. ಹೊಕ್ಕುಳದ ಮೇಲಿನವರೆಗೆ ಬರುವ, ಹತ್ತಿಯ, ಮಾಮೂಲಿಗಿಂತ ಒಂದೆರಡು ಸೈಜ್ ದೊಡ್ಡವು. ಸಿಸೇರಿಯನ್ ಗಾಯ ಬಿಕಿನಿ ಚಡ್ಡಿಯ ಇಲಾಸ್ಟಿಕ್ ಕೂರುವ ಜಾಗದಲ್ಲೇ ಬರುತ್ತದೆ. ನಾರ್ಮಲ್ ಎಂದು ನಂಬಿ ಚಿಕ್ಕ ಚಡ್ಡಿ ಮಾತ್ರ ತಂದವರು ತೊಂದರೆಪಡುವುದು ಇಲ್ಲೇ. ಬಳಸಿ ಎಸೆಯುವ ಚಡ್ಡಿಯೂ ನಡೆಯುತ್ತದೆ, ಒಗೆಯುವ ಚಿಂತೆ ಇರುವುದಿಲ್ಲ.

ಹಾಲುಣಿಸುವ ಬ್ರಾ ಎರಡು, ತಂತಿ ಇಲ್ಲದ್ದು. ಎದೆ ಇನ್ನೂ ದೊಡ್ಡದಾಗುವುದರಿಂದ ಬಿಗಿಯಾದದ್ದು ಕೊಳ್ಳಬೇಡಿ, ಒತ್ತಿದಲ್ಲಿ ಹಾಲು ಕಟ್ಟಿಕೊಳ್ಳುತ್ತದೆ.

ಕೆಳಗೆ ಹೊಲಿಗೆ ಬಿದ್ದರೆ ಏನು ಬೇಕಾಗುತ್ತದೆ?

ಹಿಚುಕಿದರೆ ನೀರು ಚಿಮ್ಮುವ ಒಂದು ಪ್ಲಾಸ್ಟಿಕ್ ಬಾಟಲಿ. ಪುಟ್ಟ ವಸ್ತು, ಆದರೆ ಇಡೀ ಬ್ಯಾಗಿನಲ್ಲಿ ಇದರಷ್ಟು ಉಪಕಾರ ಮಾಡುವುದು ಇನ್ನೊಂದಿಲ್ಲ. ಮೂತ್ರ ಹೊಲಿಗೆಗೆ ತಾಗಿದರೆ ಉರಿಯುತ್ತದೆ, ಆ ಉರಿಗೆ ಹೆದರಿ ಬಾಣಂತಿಯರು ಮೂತ್ರ ಕಟ್ಟುತ್ತಾರೆ, ಕಡಿಮೆ ನೀರು ಕುಡಿಯುತ್ತಾರೆ. ಬಾಟಲಿಯಲ್ಲಿ ಉಗುರುಬೆಚ್ಚಗಿನ ನೀರು ತುಂಬಿ, ಮೂತ್ರ ಮಾಡುತ್ತಿರುವಾಗಲೇ ಮುಂದಿನಿಂದ ಹಿಂದಕ್ಕೆ ಹರಿಯುವಂತೆ ಸುರಿದರೆ ಉರಿ ತಿಳಿಯುವುದಿಲ್ಲ. ಆಮೇಲೆ ಉಜ್ಜದೆ, ಮೆತ್ತನೆ ಬಟ್ಟೆಯಿಂದ ಒತ್ತಿ ಒರೆಸಿ. ಸೋಪು, ಡೆಟಾಲ್ ಬೇಡ.

ಹೆರಿಗೆಯಾಗಿ, ಅಥವಾ ಮೂತ್ರದ ನಳಿಕೆ ತೆಗೆದು, 6 ಗಂಟೆ ಕಳೆದರೂ ಮೂತ್ರ ಹೋಗದಿದ್ದರೆ ನರ್ಸ್‌ಗೆ ಹೇಳಲೇಬೇಕು.

ಸಿಸೇರಿಯನ್ ಮೊದಲೇ ನಿಗದಿಯಾಗಿದೆ. ಏನು ಬದಲಾಗುತ್ತದೆ?

ಬಟ್ಟೆ ಇನ್ನೆರಡು ದಿನದ್ದು ಹೆಚ್ಚಿರಲಿ. ಒಂದು ಗಟ್ಟಿಯಾದ ಚಿಕ್ಕ ದಿಂಬು ತನ್ನಿ. ಕೆಮ್ಮುವಾಗ, ನಗುವಾಗ, ಹಾಸಿಗೆಯಿಂದ ಏಳುವಾಗ ಅದನ್ನು ಗಾಯದ ಮೇಲೆ ಒತ್ತಿ ಹಿಡಿದರೆ ನೋವು ಕಡಿಮೆ, ಹಾಲುಣಿಸುವಾಗ ಮಗುವಿನ ಕಾಲು ಗಾಯಕ್ಕೆ ತಾಗದಂತೆ ಅಡ್ಡವೂ ಆಗುತ್ತದೆ. ಡಾಕ್ಟರು ಒಪ್ಪಿದರೆ ಸಕ್ಕರೆಯಿಲ್ಲದ ಚೂಯಿಂಗ್ ಗಮ್ ಇಟ್ಟುಕೊಳ್ಳಿ, ಅಗಿಯುವುದರಿಂದ ಕರುಳು ಬೇಗ ಚಾಲೂ ಆಗಿ ಗ್ಯಾಸ್ ಹೋಗುತ್ತದೆ.

ಹಿಂದಿನ ದಿನ ಮನೆಯಲ್ಲಿ ರೇಜರಿನಿಂದ ಕೂದಲು ತೆಗೆದುಕೊಳ್ಳಬೇಡಿ. ಕಣ್ಣಿಗೆ ಕಾಣದ ಗೀರುಗಳು ಬಿದ್ದು, ಅಲ್ಲಿ ಸೂಕ್ಷ್ಮಜೀವಿ ಬೆಳೆದು ಗಾಯಕ್ಕೆ ಸೋಂಕು ತಗಲುವ ಅಪಾಯ ಹೆಚ್ಚು. ತೆಗೆಯಲೇಬೇಕಾದರೆ ಆಸ್ಪತ್ರೆಯಲ್ಲೇ ಕ್ಲಿಪ್ಪರಿನಿಂದ ತೆಗೆಯುತ್ತಾರೆ.

ಉಗುರು ಬಣ್ಣ ಮನೆಯಲ್ಲೇ ತೆಗೆಯಿರಿ. ಬೆರಳಿಗೆ ಹಾಕುವ ಆಮ್ಲಜನಕ ಅಳೆಯುವ ಕ್ಲಿಪ್ಪಿಗೆ ಅದು ಅಡ್ಡಿ. ಬಳೆ, ಉಂಗುರ, ಓಲೆ, ಮೂಗುತಿಯನ್ನೂ ತೆಗೆದಿಟ್ಟು ಬನ್ನಿ. ಆಪರೇಷನ್ನಿನಲ್ಲಿ ರಕ್ತ ನಿಲ್ಲಿಸಲು ವಿದ್ಯುತ್ ಉಪಕರಣ ಬಳಸುತ್ತಾರೆ, ಲೋಹ ಮೈಮೇಲಿದ್ದರೆ ಆ ಜಾಗ ಸುಡಬಹುದು. ಬೆರಳು ಊದಿ ಉಂಗುರ ಸಿಕ್ಕಿಕೊಂಡಿದ್ದರೆ ಇದನ್ನು ಎಂಟನೇ ತಿಂಗಳಲ್ಲೇ ನೋಡಿಕೊಳ್ಳಿ.

ಬ್ರೆಸ್ಟ್ ಪಂಪ್, ಹಾಲಿನ ಪುಡಿ, ಬಾಟಲಿ ತೆಗೆದುಕೊಂಡು ಹೋಗಲೇ?

ಡಾಕ್ಟರು ಹೇಳಿದ್ದರೆ ಹೊರತು ಮೂರೂ ಬೇಡ. ಮೊದಲೆರಡು ದಿನ ಬರುವುದು ದಪ್ಪನೆಯ ಹಳದಿ ಹಾಲು, ಅದೂ ಚಮಚದ ಲೆಕ್ಕದಲ್ಲಿ. ಮೊದಲ ದಿನ ಮಗು ಒಂದು ಸಲಕ್ಕೆ ಕುಡಿಯುವುದೇ ಸುಮಾರು ಒಂದು ಚಮಚ, ಹಾಗಾಗಿ ಅದು ಸಾಕು. "ಹಾಲೇ ಇಲ್ಲ" ಎಂದು ಪುಡಿಹಾಲು ಕೊಟ್ಟರೆ ಮಗು ಮೊಲೆ ಚೀಪುವುದು ಕಡಿಮೆಯಾಗುತ್ತದೆ, ಚೀಪದಿದ್ದರೆ ಹಾಲು ಇಳಿಯುವುದೂ ತಡವಾಗುತ್ತದೆ. ದಿನಕ್ಕೆ 8ರಿಂದ 12 ಸಲ ಮೊಲೆಗೆ ಹಾಕಿ. ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ ಹಾಲು ತುಂಬಿ ಬರುತ್ತದೆ. ಎದೆಗೆ ಇಟ್ಟುಕೊಳ್ಳುವ ಪ್ಯಾಡ್ ಬೇಕಾಗುವುದು ಆಗ, ಒಂದೆರಡು ಜೊತೆ ಇರಲಿ.

ತೊಟ್ಟಿಗೆ ಹಚ್ಚುವ ಶುದ್ಧ ಲ್ಯಾನೋಲಿನ್ ಮುಲಾಮಿನ ಚಿಕ್ಕ ಟ್ಯೂಬ್ ಒಂದು ತನ್ನಿ. ಆದರೆ ಪ್ರತಿ ಸಲ ನೋಯುತ್ತಿದ್ದರೆ ಅದು ಮುಲಾಮಿನಿಂದ ಹೋಗುವ ನೋವಲ್ಲ, ಮಗು ತೊಟ್ಟಿನ ತುದಿಯನ್ನಷ್ಟೇ ಹಿಡಿಯುತ್ತಿರುತ್ತದೆ. ನರ್ಸನ್ನು ಕರೆದು ಹಿಡಿಸುವ ರೀತಿ ತೋರಿಸಿಕೊಳ್ಳಿ.

ಜೇನುತುಪ್ಪ ಬ್ಯಾಗಿನಲ್ಲಿ ಇರಲೇಬಾರದು. ಒಂದು ವರ್ಷದೊಳಗಿನ ಮಗುವಿಗೆ ಅದರಿಂದ ಬಾಟ್ಯುಲಿಸಂ ಎಂಬ ಗಂಭೀರ ವಿಷಬಾಧೆ ಬರಬಹುದು.

ಮಗುವಿಗೆ ಎಷ್ಟು ಬಟ್ಟೆ?

ಅಂಗಿ ಐದಾರು, ಟೊಪ್ಪಿ ಎರಡು, ಸಾಕ್ಸ್ ಮೂರು ಜೊತೆ, ಸುತ್ತುವ ಹತ್ತಿಬಟ್ಟೆ ನಾಲ್ಕು, ಸ್ವಲ್ಪ ದಪ್ಪನೆಯ ಹೊದಿಕೆ ಒಂದು, ಒರೆಸಲು ಹಳೆಯ ಮೆತ್ತನೆಯ ಬಟ್ಟೆಯ ತುಂಡುಗಳು ಏಳೆಂಟು. ಅಂಗಿ ಮುಂದೆ ಅಥವಾ ಪಕ್ಕದಲ್ಲಿ ದಾರ ಕಟ್ಟುವಂಥದ್ದಾಗಲಿ. ನವಜಾತ ಮಗುವಿನ ಕತ್ತು ನಿಲ್ಲುವುದಿಲ್ಲ, ತಲೆಯ ಮೇಲಿಂದ ಹಾಕುವ ಅಂಗಿ ಹೊಸಬರ ಕೈಯನ್ನು ನಡುಗಿಸುತ್ತದೆ. ಲೇಸು, ಮಣಿ, ಉದ್ದ ದಾರ, ಗಟ್ಟಿ ಗುಂಡಿ ಇರುವ ಬಟ್ಟೆ ಬೇಡ. ಸೈಜ್ ವಿಷಯದಲ್ಲಿ ನವಜಾತ ಅಳತೆಯವು ಎರಡು, ಉಳಿದವು 0–3 ತಿಂಗಳಿನವು ಇದ್ದರೆ ಮಗು ಸಣ್ಣದಿರಲಿ ದೊಡ್ಡದಿರಲಿ ನಡೆಯುತ್ತದೆ.

ಎಲ್ಲವನ್ನೂ ಒಮ್ಮೆ ಒಗೆದು, ಚೆನ್ನಾಗಿ ಜಾಲಿಸಿ, ಬಿಸಿಲಿಗೆ ಒಣಗಿಸಿ. ಹೊಸ ಬಟ್ಟೆಯಲ್ಲಿ ಗಂಜಿ, ಬಣ್ಣದ ಅಂಶ ಉಳಿದಿರುತ್ತದೆ. ಸುವಾಸನೆಯ ಕಂಫರ್ಟ್‌ನಂಥದ್ದರಲ್ಲಿ ಅದ್ದಬೇಡಿ. ಕತ್ತಿನ ಹಿಂದಿನ ಲೇಬಲ್ ಕತ್ತರಿಸಿಬಿಡಿ.

ಎಷ್ಟು ಪದರ ಹಾಕಬೇಕು ಎಂಬ ಗೊಂದಲಕ್ಕೆ ಒಂದು ಅಳತೆ: ಆ ಕೋಣೆಯಲ್ಲಿ ದೊಡ್ಡವರಿಗೆ ಹಿತವಾಗಿರುವುದಕ್ಕಿಂತ ಒಂದು ಪದರ ಹೆಚ್ಚು. ಕೈಬೆರಳು ತಣ್ಣಗಿದ್ದರೆ ಗಾಬರಿ ಬೇಡ, ಎದೆ ಅಥವಾ ಕತ್ತಿನ ಹಿಂಭಾಗ ಮುಟ್ಟಿ ನೋಡಿ. ಕಂಕುಳಲ್ಲಿ ಅಳೆದರೆ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಸರಿಯಾದ ಶಾಖ. ಹುಟ್ಟಿದ ಹೊಸತರಲ್ಲಿ ಟೊಪ್ಪಿ ಬೇಕು, ಒದ್ದೆ ತಲೆಯಿಂದ ಶಾಖ ಬೇಗ ಹೋಗುತ್ತದೆ. ಮನೆಗೆ ಬಂದ ಮೇಲೆ ಮಲಗಿಸುವಾಗ ಒಳಗೆ ಟೊಪ್ಪಿ ಬೇಡ. ಮೈ ಅತಿ ಬಿಸಿಯಾಗುವುದೂ, ಟೊಪ್ಪಿ ಜಾರಿ ಮೂಗು ಮುಚ್ಚುವುದೂ ಅಪಾಯ.

ಡಯಾಪರ್ ಎಷ್ಟು?

ಎರಡು ದಿನಕ್ಕೆ ನವಜಾತ ಸೈಜಿನ 20. ಒದ್ದೆಯಾಗುವುದರಲ್ಲಿ ಒಂದು ಸರಳ ಲೆಕ್ಕವಿದೆ: ಮೊದಲ ದಿನ ಕನಿಷ್ಠ ಒಂದು ಸಲ, ಎರಡನೇ ದಿನ ಎರಡು, ಮೂರನೇ ದಿನ ಮೂರು, ಆರನೇ ದಿನದ ಹೊತ್ತಿಗೆ ದಿನಕ್ಕೆ ಆರು ಅಥವಾ ಹೆಚ್ಚು. ಹಾಲು ಸಾಲುತ್ತಿದೆಯೇ ಎಂದು ತಿಳಿಯುವ ದಾರಿ ಇದು, ಅದಕ್ಕೆ ಚಿಕ್ಕ ನೋಟ್‌ಬುಕ್ಕೂ ಪೆನ್ನೂ ಇಡಿ. ಹಾಲುಣಿಸಿದ ಸಮಯ, ಮೂತ್ರ, ಮಲ ಎಲ್ಲವನ್ನೂ ಗೀಟು ಹಾಕಿ ಗುರುತಿಸಿ. ಡಾಕ್ಟರು ರೌಂಡಿಗೆ ಬಂದಾಗ ಕೇಳುವ ಮೊದಲ ಪ್ರಶ್ನೆ ಇದೇ.

ಮೊದಲ ಮಲ ಕಪ್ಪು ಹಸಿರಾಗಿ ಟಾರಿನಂತೆ ಅಂಟುತ್ತದೆ. ಹತ್ತಿ ಮತ್ತು ಉಗುರುಬೆಚ್ಚಗಿನ ನೀರಿನಿಂದ ಒರೆಸಿ, ಇಲ್ಲವೇ ಸುವಾಸನೆಯಿಲ್ಲದ ವೈಪ್ಸ್ ಬಳಸಿ. ಡಯಾಪರಿನ ಮುಂಭಾಗವನ್ನು ಹೊಕ್ಕುಳಬಳ್ಳಿಯ ಕೆಳಗೆ ಮಡಚಿ ಹಾಕಿ, ಬಳ್ಳಿ ಗಾಳಿಗೆ ಒಣಗಲಿ. ಡಾಕ್ಟರು ಹೇಳದ ಹೊರತು ಅದಕ್ಕೆ ಏನನ್ನೂ ಹಚ್ಚಬೇಡಿ.

ಸೋಪು, ಎಣ್ಣೆ, ಪೌಡರ್?

ಒಂದೂ ಬೇಡ. ಮಗುವಿನ ಮೊದಲ ಸ್ನಾನವನ್ನು ಕನಿಷ್ಠ 24 ಗಂಟೆ ತಡಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೈಮೇಲಿನ ಬಿಳಿ ಬೆಣ್ಣೆಯಂಥ ಪದರ ಚರ್ಮವನ್ನು ಕಾಯುತ್ತದೆ, ಅದನ್ನು ಉಜ್ಜಿ ತೆಗೆಯಬೇಕಾದ ಅಗತ್ಯವಿಲ್ಲ. ಪೌಡರಿನ ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ, ಅದು ಆಸ್ಪತ್ರೆಗೂ ಬೇಡ, ಮನೆಗೂ ಬೇಡ.

ಜೊತೆಗಿರುವವರಿಗೆ ಏನು ಬೇಕು?

ಎರಡು ದಿನದ ಬಟ್ಟೆ, ಚಪ್ಪಲಿ, ಹೊದಿಕೆ, ತಮ್ಮ ಮಾತ್ರೆಗಳು, ಪವರ್ ಬ್ಯಾಂಕ್, ಸ್ವಲ್ಪ ನಗದು, ಹೊಟ್ಟೆಗೆ ಏನಾದರೂ. ಹಸಿದು ನಿದ್ದೆಗೆಟ್ಟು ನಿಂತವರು ಹೆರಿಗೆ ಕೋಣೆಯಲ್ಲಿ ತಲೆಸುತ್ತಿ ಬೀಳುವುದುಂಟು. ಇದಕ್ಕಿಂತ ಮುಖ್ಯವಾದ್ದು, 36ನೇ ವಾರದಲ್ಲಿ ಅವರ ಕೈಯಲ್ಲೇ ಬ್ಯಾಗನ್ನು ಒಮ್ಮೆ ಪೂರ್ತಿ ಬಿಚ್ಚಿಸಿ, ಮತ್ತೆ ತುಂಬಿಸಿ. ಪ್ಯಾಡ್ ಎಲ್ಲಿ, ಫೈಲ್ ಎಲ್ಲಿ, ಮಗುವಿನ ಕವರು ಎಲ್ಲಿ ಎಂದು ಅವರ ಕೈಗೇ ಗೊತ್ತಾಗಿರಬೇಕು. ಹೇಳಿದ್ದು ಮರೆತುಹೋಗುತ್ತದೆ, ತಾವೇ ಇಟ್ಟದ್ದು ಮರೆಯುವುದಿಲ್ಲ.

ಯಾವುದನ್ನು ಮನೆಯಲ್ಲೇ ಬಿಡಬೇಕು?

ಚಿನ್ನ, ಹೆಚ್ಚಿನ ನಗದು, ಗಾಢ ಸೆಂಟು, ಆಟಿಕೆ, ಚೂಪು ಅಂಚಿನ ವಸ್ತುಗಳು. ಬಿಸಿನೀರಿನ ಚೀಲವನ್ನು ನರ್ಸ್ ಒಪ್ಪಿಗೆಯಿಲ್ಲದೆ ತರಬೇಡಿ. ಎಪಿಡ್ಯೂರಲ್ (ನೋವು ತಿಳಿಯದಂತೆ ಬೆನ್ನಿಗೆ ಕೊಡುವ ಅರಿವಳಿಕೆ) ಹಾಕಿದ ಮೇಲೆ ಮರಗಟ್ಟಿದ ಚರ್ಮಕ್ಕೆ ಸುಟ್ಟದ್ದು ತಿಳಿಯುವುದೇ ಇಲ್ಲ. ಮಗುವಿನ ಹಾಸಿಗೆಯಲ್ಲಂತೂ ಅದನ್ನು ಎಂದೂ ಇಡಬಾರದು.

ಕಾರಿನಲ್ಲಿ ಮನೆಗೆ ಕರೆತರುವುದು ಹೇಗೆ?

ಹಿಂಬದಿಗೆ ಮುಖ ಮಾಡಿ ಕೂರಿಸುವ ಶಿಶು ಸೀಟಿನಲ್ಲಿ, ಕಾರಿನ ಹಿಂದಿನ ಸೀಟಿನ ಮೇಲೆ. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಎಂದಿಗೂ ಬೇಡ. ಮಡಿಲಲ್ಲಿ ಹಿಡಿದು ಕೂತರೆ ಸಣ್ಣ ಡಿಕ್ಕಿಯಲ್ಲೂ ಮಗು ಕೈಯಲ್ಲಿ ನಿಲ್ಲುವುದಿಲ್ಲ. ಸೀಟನ್ನು 36ನೇ ವಾರದಲ್ಲೇ ಕಾರಿಗೆ ಕಟ್ಟಿ ಅಭ್ಯಾಸ ಮಾಡಿ, ಡಿಸ್ಚಾರ್ಜ್ ದಿನ ಪಾರ್ಕಿಂಗಿನಲ್ಲಿ ನಿಂತು ಸೂಚನೆಯ ಪುಸ್ತಕ ಓದುವಂತಾಗಬಾರದು.

ಪಟ್ಟಿ ಮಗುವಿನ ಭುಜದ ಮಟ್ಟದಲ್ಲಿ ಅಥವಾ ತುಸು ಕೆಳಗಿನಿಂದ ಬರಬೇಕು. ಭುಜದ ಹತ್ತಿರ ಪಟ್ಟಿಯನ್ನು ಎರಡು ಬೆರಳಿನಿಂದ ಚಿವುಟಿ ನೋಡಿ, ಮಡಿಕೆ ಸಿಕ್ಕಿದರೆ ಇನ್ನೂ ಬಿಗಿ ಮಾಡಬೇಕು. ದಪ್ಪ ಸ್ವೆಟರ್ ಹಾಕಿ, ಬಟ್ಟೆ ಸುತ್ತಿ ಪಟ್ಟಿ ಕಟ್ಟಬೇಡಿ, ಒಳಗೆ ಸಡಿಲ ಉಳಿಯುತ್ತದೆ. ಪಟ್ಟಿ ಕಟ್ಟಿದ ಮೇಲೆ ಹೊದಿಕೆ ಹೊದಿಸಿ. ಗದ್ದ ಎದೆಗೆ ಒತ್ತದಂತೆ ನೋಡಿಕೊಳ್ಳಿ, ಉಸಿರಿನ ದಾರಿ ಮಡಚಿಕೊಳ್ಳುತ್ತದೆ.

ಮಗುವನ್ನು ಎನ್‌ಐಸಿಯುಗೆ (ನವಜಾತ ಶಿಶುಗಳ ತೀವ್ರ ನಿಗಾ ಘಟಕಕ್ಕೆ) ಸೇರಿಸಿದರೆ?

ಬಟ್ಟೆ ಹೆಚ್ಚು ಬೇಕಾಗುವುದಿಲ್ಲ, ಹಾಲು ಬೇಕಾಗುತ್ತದೆ. ಆಗ ಪಂಪ್ ಉಪಯೋಗಕ್ಕೆ ಬರುತ್ತದೆ, ಮನೆಯಲ್ಲಿದ್ದರೆ ತರಿಸಿಕೊಳ್ಳಿ, ಹಲವು ಆಸ್ಪತ್ರೆಗಳಲ್ಲಿ ಅವರದೇ ಇರುತ್ತದೆ. ಹೆರಿಗೆಯಾದ ಕೆಲವೇ ಗಂಟೆಯೊಳಗೆ ಹಾಲು ತೆಗೆಯಲು ಶುರುಮಾಡಿ, ದಿನಕ್ಕೆ ಎಂಟು ಸಲವಾದರೂ, ರಾತ್ರಿ ಒಂದು ಸಲ ಸೇರಿಸಿ. ಮೊದಲೆರಡು ದಿನದ ಹನಿ ಹಾಲು ಪಂಪಿನ ಗೋಡೆಗೇ ಅಂಟಿ ಹೋಗುತ್ತದೆ, ಕೈಯಿಂದ ಹಿಂಡಿ ಚಿಕ್ಕ ಸಿರಿಂಜಿನಲ್ಲಿ ಹಿಡಿಯುವುದನ್ನು ನರ್ಸ್‌ ಹತ್ತಿರ ಕಲಿತುಕೊಳ್ಳಿ. ಅರ್ಧ ಮಿಲಿಲೀಟರ್ ಸಿಕ್ಕರೂ ಅದು ವ್ಯರ್ಥವಲ್ಲ.

ಯಾವಾಗ ಬ್ಯಾಗ್ ನೋಡದೆ ಹೊರಟುಬಿಡಬೇಕು?

ರಕ್ತ ಹೋದರೆ, ಮಗುವಿನ ಓಡಾಟ ಕಡಿಮೆಯಾದರೆ ಅಥವಾ ನಿಂತರೆ, ಕಣ್ಣು ಮಂಜಾಗಿ ತಲೆ ಸಿಡಿಯುವಂತೆ ನೋವಾದರೆ, ನೀರು ಒಡೆದು ಅದು ಹಸಿರು ಅಥವಾ ಕಂದು ಬಣ್ಣವಿದ್ದರೆ, 37 ವಾರಕ್ಕೆ ಮೊದಲೇ ನೋವು ಬಂದರೆ ಅಥವಾ ನೀರು ಹೋದರೆ. ಇಂಥ ಹೊತ್ತಿನಲ್ಲಿ ಫೈಲು, ಫೋನು ಮಾತ್ರ ಎತ್ತಿಕೊಳ್ಳಿ. ನೀರು ಒಡೆದಾಗ ಸಮಯ, ಬಣ್ಣ ಗುರುತಿಟ್ಟುಕೊಳ್ಳಿ, ಪ್ಯಾಡ್ ಹಾಕಿಕೊಂಡು ಹೊರಡಿ. ಹೊಕ್ಕುಳಬಳ್ಳಿಯಂಥದ್ದು ಹೊರಗೆ ಕಂಡರೆ ಅಥವಾ ಕೈಗೆ ತಾಗಿದರೆ ಅದನ್ನು ಮುಟ್ಟದೆ, ಮಂಡಿಯೂರಿ ತಲೆ ಕೆಳಗೆ, ಸೊಂಟ ಮೇಲೆ ಮಾಡಿಕೊಂಡು ಆಂಬುಲೆನ್ಸ್ ಕರೆಸಿ.

ಇಂಥದ್ದೇನೂ ಇಲ್ಲದೆ, ಮೊದಲ ಹೆರಿಗೆಯಾಗಿದ್ದರೆ, 5 ನಿಮಿಷಕ್ಕೊಮ್ಮೆ ಬರುವ, ಒಂದು ನಿಮಿಷ ಹಿಡಿಯುವ ನೋವು ಒಂದು ಗಂಟೆ ಬಿಡದೆ ಬಂದರೆ ಹೊರಡುವ ಹೊತ್ತಾಯಿತು. ಎರಡನೇ ಹೆರಿಗೆ ಬೇಗ ಆಗುತ್ತದೆ, ಅಷ್ಟು ಕಾಯಬೇಡಿ. ಆಸ್ಪತ್ರೆ ದೂರವಿದ್ದರಂತೂ ಇನ್ನೂ ಬೇಗ.

ಕೊನೆ ಗಳಿಗೆಯಲ್ಲಿ ಮರೆಯುವಂಥದ್ದು ಯಾವುದು?

ದಿನಾ ಬಳಸುವ ವಸ್ತುಗಳು, ಅವನ್ನು ಮೊದಲೇ ಬ್ಯಾಗಿಗೆ ಹಾಕಲು ಆಗುವುದಿಲ್ಲವಲ್ಲ. ಫೋನು, ಚಾರ್ಜರ್, ಕನ್ನಡಕ, ಮಾತ್ರೆ, ಫೈಲು, ಮನೆಯ ಬೀಗದ ಕೈ. ಈ ಆರನ್ನು ಒಂದು ಚೀಟಿಯಲ್ಲಿ ದೊಡ್ಡದಾಗಿ ಬರೆದು ಬ್ಯಾಗಿನ ಹಿಡಿಕೆಗೆ ಅಂಟಿಸಿಡಿ. ಕಾರಿನ ಸೀಟಿಗೆ ಹಾಸಲು ಒಂದು ದೊಡ್ಡ ಪ್ಲಾಸ್ಟಿಕ್ ಹಾಳೆಯನ್ನೂ ಹಳೆಯ ಟವೆಲನ್ನೂ ಅದೇ ಹಿಡಿಕೆಗೆ ಸುತ್ತಿ ಕಟ್ಟಿ.